ಮರಿಯಮ್ಮನಹಳ್ಳಿಯಲ್ಲಿ ಇಳಿದವಳು

ಕೊಟ್ಟೂರು
18-11-2024

ಮೈ ಡಿಯರ್ ಸಿಸ್ಟರ್-ಇನ್-ಲಾ ನೀಲಗಂಗಮ್ಮನಿಗೆ ನಿನ್ನ ಮಾವ ವೀರಭದ್ರಯ್ಯ ಬರೆಯುವುದು.

ನಾನು ಉಸಿರಾಡಿಕೊಂಡಿದ್ದೇನೆ. ಹಿರೇಹಡಗಲಿಯಲ್ಲಿ ನೀನೂ ಹಾಗೇ ಇರಬಹುದು ಎಂದು ತಿಳಿದು ಮುಂದಕ್ಕೆ ಹೋಗುತ್ತೇನೆ. 'ಕಾಗದ ಯಾಕ್ರಿ ಮಾವಾರ, ಫೋನ್ ಹಚ್ಚಿ ಕೊಡ್ತೀನಿ' ಅಂದಳು ಸುಕನ್ಯಾ. ಸೊಸೆಗೇನು ಗೊತ್ತು. ಕಿವಿಗೆ ಹಾಕಿಸಿದ ಮಷೀನಿನಲ್ಲಿ ಫೋನ್ ಮಾತು ಶೇಂಗಾ ಹುರಿದಂಗೆ ಕೇಳುತ್ತದೆ. ಬಸ್ ಸ್ಟ್ಯಾಂಡಿನ ಕಂಟ್ರೋಲ್ ರೂಮಿನಲ್ಲಿ ಕೂತು ಮೈಕ್ ಹಿಡಿದು ಊರಿಗೆಲ್ಲ ಕೇಳುವಂತೆ ಕೂಗಿದ ಮನುಷ್ಯ ನಾನು. ಈಗ ಸ್ವಂತ ಮಗ ಅರುಣಕುಮಾರ 'ಅಪ್ಪಾ, ಊಟಕ್ಕ ಏಳು' ಅಂದದ್ದೂ ಕೇಳುವುದಿಲ್ಲ. ಕೇಳದಿದ್ದರೂ ನಷ್ಟವೇನಿಲ್ಲ, ದಿನಾ ಅದೇ ಅನ್ನ, ಅದೇ ಸಾರು.

ಟು ದಿ ಪಾಯಿಂಟ್ ಬರೆಯಬೇಕು ಅಂತ ಹರಪನಹಳ್ಳಿ ಕಾಲೇಜಿನಲ್ಲಿ ಇಂಗ್ಲಿಷ್ ಹೇಳುತ್ತಿದ್ದ ಶ್ರೀನಾಥ ಮೇಷ್ಟ್ರು ಬಡಕೊಳ್ಳುತ್ತಿದ್ದರು. ಪಾಯಿಂಟ್ ಇದು. ಫೆಬ್ರುವರಿ ಹತ್ತಕ್ಕೆ ನಿಮ್ಮಕ್ಕ ನಾಗಲಿಂಗಮ್ಮ ಲಿಂಗೈಕ್ಯಳಾಗಿ ವರ್ಷ ತುಂಬುತ್ತದೆ. ಪುಣ್ಯಸ್ಮರಣೆಗೆ ಸ್ವಾಮಿಗಳನ್ನು ಕರೆಸುವುದು, ಊಟ ಹಾಕಿಸುವುದು ಅರುಣಕುಮಾರನ ಡಿಪಾರ್ಟ್‌ಮೆಂಟು. ನನ್ನದು ಬೇರೆ. ಅದಕ್ಕೂ ಮೊದಲು ಆಕೆಯ ಹೆಸರಿನಲ್ಲಿ ಸೊಲ್ಲಾಪುರಕ್ಕೆ ಹೋಗಿ ಸಿದ್ಧರಾಮೇಶ್ವರನ ಗದ್ದುಗೆಗೆ ಹಣೆ ಹಚ್ಚಿ ಬರಬೇಕು. ಸಣ್ಣಾಕೆ ಇದ್ದಾಗ ಅಲ್ಲಿಯೇ ನಿಮ್ಮಪ್ಪ ಆಕೆಗೆ ಲಿಂಗ ಕಟ್ಟಿಸಿದ್ದರಂತೆ. ಮದುವೆಯಾದಾಗಿನಿಂದ ಒಂದೇ ರಾಗ. 'ಒಂದ್ಸಲ ಆ ಕೆರಿ ನೋಡಬೇಕ್ರಿ, ಕೆರಿ ನಡುವ ಗುಡಿ ಐತಿ.' ನನಗೆ ರಜೆ ಇರಲಿಲ್ಲ. ರಜೆ ಇದ್ದಾಗ ಆಕೆಗೆ ಮೊಣಕಾಲು. ಆಮೇಲೆ ಕಿಡ್ನಿ. ಡ್ಯೂ ಟು ಅನ್‌ಅವಾಯ್ಡಬಲ್ ಸರ್ಕಮ್‌ಸ್ಟಾನ್ಸಸ್, ಅಷ್ಟೇ.

ಒಂದು ಸಲ ಹೊರಟಿದ್ದೆವಲ್ಲ. ನಿನಗೆ ಗೊತ್ತಿದ್ದದ್ದೇ, ಆದರೂ ಬರೆಯುತ್ತೇನೆ, ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಈ ಲೈನಿನಲ್ಲಿ ಗಾಡಿ ಹೊಸದಾಗಿ ಓಡಾಡಲಿಕ್ಕೆ ಹತ್ತಿದ ಕಾಲ. ಹಗರಿಬೊಮ್ಮನಹಳ್ಳಿ ಸ್ಟೇಷನ್ನಿನಲ್ಲಿ ನನ್ನ ಕಾಲೇಜು ದೋಸ್ತ ಗುರುಶಾಂತ ನಿಂತಿದ್ದ. ಕಿಟಕಿಯಲ್ಲಿ ನನ್ನ ಮುಖ ಕಂಡದ್ದೇ 'ಲೇ ವೀರ್ಯಾ, ಇಳಿಯಲೇ, ಒಂದು ಚಾ' ಅಂದ. ಇಳಿದೆ. ಗಾಡಿ ಹೊರಟೇಬಿಟ್ಟಿತು. ಟಿಕೆಟು, ರೊಕ್ಕ, ಫೋನು ಎಲ್ಲ ನನ್ನ ಕಿಸೆಯಲ್ಲಿ. ಆಕೆಯ ಹತ್ತಿರ ಬುತ್ತಿ ಗಂಟು. ಮರಿಯಮ್ಮನಹಳ್ಳಿಯಲ್ಲಿ ಹೆದರಿಕೊಂಡು ಇಳಿದಳಂತೆ. ಗುರುಶಾಂತನ ಮೋಟರ್ ಸೈಕಲ್ ತೊಗೊಂಡು ನಾನು ಹೋಗಿ ನೋಡುತ್ತೇನೆ, ಪ್ಲಾಟ್‌ಫಾರ್ಮಿನ ಮೇಲೆ ಪೋಸ್ಟಾಫೀಸಿನ ಪಾರ್ಸಲ್ ಹಂಗೆ ಕುಂತಿದ್ದಾಳೆ. ಸ್ಟಾಂಪ್ ಹಚ್ಚುವುದೊಂದು ಬಾಕಿ. ಈ ಮಾತು ಹೇಳಿದಾಗ ನಗದ ಮನುಷ್ಯನನ್ನು ನಾನು ನೋಡಿಲ್ಲ.

ಆಕೆ ಹೋಗುವಾಗ ಮಾತ್ರ ನಾನು ಯಾವುದಕ್ಕೂ ಕೊರತೆ ಮಾಡಲಿಲ್ಲ. ಸಮಾಧಿಯ ಗುಣಿಯಲ್ಲಿ ಕೂಡ್ರಿಸಿದ ಮೇಲೆ ನೀನೇ ಬೆಳ್ಳಿ ಕರಡಿಗೆ ನನ್ನ ಕೈಗೆ ಕೊಟ್ಟೆ. ಕೊರಳಲ್ಲಿ ಕಟ್ಟಿಕೊಂಡಿದ್ದ ಲಿಂಗವನ್ನು ಅದರಿಂದ ತೆಗೆದು ಆಕೆಯ ಎಡಗೈಯಲ್ಲಿ ನಾನೇ ಇಟ್ಟೆ. ಏನು ಮಿಂಚುತ್ತಿತ್ತು ಅಂತೀಯ. ನಿನ್ನೆ ಕಟ್ಟಿದಂಗಿತ್ತು. 'ಹಿಂಗ ಲಿಂಗ ಇಟಗೊಂಡ ಹೆಣ್ಮಗಳನ್ನ ನೋಡಿಲ್ಲ' ಅಂದರು ಸ್ವಾಮಿಗಳು. ಒಂದು ಜನ್ಮದ ಪೂಜೆಯ ಫಲ ಅದು. ಆಕೆಯ ಪೂಜೆಗೆ ನಾನು ಒಂದು ದಿನವೂ ಅಡ್ಡ ಬಂದವನಲ್ಲ, ಅದನ್ನು ನೀನೂ ಒಪ್ಪಬೇಕು.

ಪ್ಲಾನು ಹಿಂಗೆ. ಜನವರಿ 27, ಸೋಮವಾರ. ಸಂಕ್ರಾಂತಿಯ ಗದ್ದಲ ಅಷ್ಟೊತ್ತಿಗೆ ಇಳಿದಿರುತ್ತದೆ. ಹರಿಹರದಿಂದ ಬರುವ ಬೆಳಗಿನ ಗಾಡಿಗೆ ನಾನು ಇಲ್ಲಿ ಹತ್ತುತ್ತೇನೆ. ನೀನು ಬಸ್ಸಿಗೆ ಹಗರಿಬೊಮ್ಮನಹಳ್ಳಿಗೆ ಬಂದು ಅಲ್ಲಿ ಹತ್ತು. ಹೊಸಪೇಟೆಯಲ್ಲಿ ಸೊಲ್ಲಾಪುರದ ಗಾಡಿ ಹಿಡಿಯುವುದು. ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಕಿ ಹಿಡಿದಿರುತ್ತೇನೆ. ಅರ್ಲಿ ರಿಪ್ಲೈ ಮಾಡು.

ನಿನ್ನ ಮಾವ,
ವೀರಭದ್ರಯ್ಯ


ಹಿರೇಹಡಗಲಿ
27-11-2024

ಮಾವನವರಿಗೆ ನೀಲಗಂಗಮ್ಮನ ಶರಣು.

ನಿಮ್ಮ ಕಾಗದ ಮುಟ್ಟೇತಿ. ಎರಡು ಸಲ ಓದಿದೆ.

ಈಗ ಬರೂದು ಆಗಂಗಿಲ್ರಿ. ಮನಿಯವರು ಹ್ವಾದ ಮ್ಯಾಲ ಕಿರಾಣಿ ಅಂಗಡಿ ನಾ ಒಬ್ಬಾಕಿನ ನೋಡಬೇಕು. ಮೆಕ್ಕಿಜೋಳ ಮಾರಿದ ಮಂದಿ ಈಗ ಸಾಮಾನಿಗೆ ಬರ್ತಾರ. ನನಗೂ ಮೊಣಕಾಲು ಹಿಡಿದೈತಿ. ನೀವೂ ಈ ವಯಸ್ಸಿನಾಗ ಯಾಕ ಅಷ್ಟು ದೂರ ಹೊಂಟೀರಿ. ಅಕ್ಕ ಇದ್ದಾಗ ಆಗಲಿಲ್ಲ, ಈಗ ಯಾರಿಗೆ ತೋರಸಾಕ. ಕೊಟ್ಟೂರಾಗ ಕೊಟ್ಟೂರೇಶ್ವರ ಅದಾನ, ಅಲ್ಲೇ ಒಂದು ಕಾಯಿ ಒಡಸ್ರಿ.

ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮಣ್ಣು ಮಾಡಿದ ದಿನ ಅಕ್ಕನ ಲಿಂಗ ಮಿಂಚತಿತ್ತು ಅಂತ ಬರದೀರಿ. ನೀವು ಕೈಯಾಗ ಹಿಡಕೊಂಡು ಸಮ ನೋಡಿದ್ರಾ? ಹೆಂಗಿತ್ತು ಅದು? ಆಕಿ ದಿನಾ ಬೆಳಿಗ್ಗೆ ನಿಮ್ಮ ಎದುರಿಗೇ ಕುಂತು ಅಂಗೈಯಾಗ ಇಟಗೊಂಡು ಪೂಜಿ ಮಾಡತಿದ್ಲಲ್ಲ, ಅದಕ್ಕ ಕೇಳಿದೆ. ನೆನಪು ಮಾಡಿ ಬರೀರಿ. ಅವಸರ ಇಲ್ಲ.

ಸುಕನ್ಯಾಗ ಕೇಳೀನಿ ಅಂತ ಹೇಳ್ರಿ.

ನೀಲಗಂಗಮ್ಮ


ಕೊಟ್ಟೂರು
5-12-2024

ನೀಲಾ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್. ಮೊಣಕಾಲು, ಮೆಕ್ಕೆಜೋಳ ಎಲ್ಲ ಓದಿದೆ. ಮೂವತ್ತು ವರ್ಷ ಡ್ರೈವರು ಕಂಡಕ್ಟರುಗಳ ರಜೆ ಅರ್ಜಿ ಓದಿದವನು ನಾನು. ಹೊಟ್ಟೆನೋವು ಅಂದರೆ ಮಾವನ ಮನೆ ಮದುವೆ, ಅಜ್ಜಿ ಸತ್ತಳು ಅಂದರೆ ಬೀಗರೂಟ. ಒಳಗಿನ ಕಾರಣ ನನಗೆ ತಿಳಿಯದೆ ಇರುತ್ತದೆಯೇ.

ನೀನು ಮಂದಿಗೆ ಅಂಜುತ್ತೀಯ. ಹೆಂಡತಿ ಸತ್ತವನು, ಗಂಡ ಸತ್ತವಳು, ಇಬ್ಬರೂ ಒಂದೇ ಗಾಡಿಯಲ್ಲಿ ಸೊಲ್ಲಾಪುರಕ್ಕೆ ಹೋದರು ಅಂತ ನಿಮ್ಮ ಓಣಿಯಲ್ಲಿ ಮಾತಾಗುತ್ತದೆ. ಇದನ್ನು ನೇರ ಬರೆಯಲಿಕ್ಕೆ ನಿನಗೆ ನಾಚಿಕೆ. ಪರವಾಗಿಲ್ಲ, ನಿನ್ನ ಸಂಕೋಚವನ್ನು ನಾನು ಅಪ್ರಿಷಿಯೇಟ್ ಮಾಡುತ್ತೇನೆ. ಅದಕ್ಕೂ ದಾರಿ ಹುಡುಕಿದ್ದೇನೆ. ನಿಮ್ಮ ಬಾಜು ಮನೆಯ ಕುರಿಯವರ ಪಕ್ಕೀರಮ್ಮ ಇದ್ದಾಳಲ್ಲ, ಆಕೆಯನ್ನೂ ಕರಕೊಂಡು ಬಾ. ಮೈಲಾರ ಬಿಟ್ಟು ಬೇರೆ ದೇವರನ್ನೇ ಕಂಡವಳಲ್ಲ, ಖುಷಿಯಿಂದ ಬರುತ್ತಾಳೆ. ಆಕೆಯ ಟಿಕೆಟೂ ನನ್ನದೇ. ಈಗ ಯಾರ ಬಾಯಿಗೆ ಏನು ಸಿಗುತ್ತದೆ ನೋಡೋಣ.

ಬುತ್ತಿ ನೀನೇ ಕಟ್ಟಬೇಕಾಗುತ್ತದೆ. ಸುಕನ್ಯಾಳ ಕೈಯಲ್ಲಿ ಕಡಕ್ ರೊಟ್ಟಿ ಹಪ್ಪಳವಾಗುತ್ತದೆ. ಶೇಂಗಾ ಚಟ್ನಿ, ಕೆಂಪಿಂಡಿ, ಒಂದಿಷ್ಟು ಗಟ್ಟಿ ಮೊಸರು. ನನಗೆ ಈಗ ಹಲ್ಲು ಒಂದೇ ಕಡೆ ಇರುವುದರಿಂದ ರೊಟ್ಟಿಯ ಜೊತೆ ನಾಲ್ಕು ಮೆತ್ತನ್ನ ಚಪಾತಿ ಹಾಕು. ನಿಮ್ಮಕ್ಕನಿಗೆ ಇದನ್ನು ಹೇಳಬೇಕಾಗಿರಲಿಲ್ಲ.

ಕಾಲೇಜಿನಲ್ಲಿ 'ಎ ರೈಲ್ವೇ ಜರ್ನಿ' ಅಂತ ಒಂದು ಎಸ್ಸೆ ಬಾಯಿಪಾಠ ಮಾಡಿಸಿದ್ದರು. ಮೊದಲಿನ ಪ್ಯಾರಾ ಈಗಲೂ ಬರುತ್ತದೆ, 'ಇಟ್ ವಾಸ್ ಎ ಫೈನ್ ಮಾರ್ನಿಂಗ್.' ಕೊನೆಯ ಸಾಲೂ ಬರುತ್ತದೆ, 'ಐ ಶಲ್ ನೆವರ್ ಫರ್ಗೆಟ್ ಇಟ್.' ನಡುವಿನದು ಪೂರಾ ಮರೆತಿದೆ. ಪರೀಕ್ಷೆಯಲ್ಲೂ ಹಾಗೇ ಬರೆದು ಬಂದಿದ್ದೆ, ಶ್ರೀನಾಥ ಮೇಷ್ಟ್ರು ಪಾಸು ಮಾಡಿದರು. ಸೊಲ್ಲಾಪುರ ಮುಟ್ಟುವವರೆಗೆ ನಡುವಿನದನ್ನೆಲ್ಲ ಹೊಸದಾಗಿ ಕಟ್ಟಬೇಕು. ಪಕ್ಕೀರಮ್ಮಗೆ ಮರಿಯಮ್ಮನಹಳ್ಳಿ ಪಾರ್ಸಲ್ ಕಥೆ ಗೊತ್ತಿಲ್ಲ ಅನಿಸುತ್ತದೆ. ಗಾಡಿ ಆ ಸ್ಟೇಷನ್ನಿಗೆ ಬಂದಾಗ ಜಾಗ ತೋರಿಸಿ ಹೇಳುತ್ತೇನೆ, ನಕ್ಕು ನಕ್ಕು ಸಾಯುತ್ತಾಳೆ.

ಲಿಂಗದ ಬಗ್ಗೆ ಕೇಳಿದ್ದೀಯ. ಇದೇನು ವಿಚಿತ್ರ ಪ್ರಶ್ನೆ. ಲಿಂಗ ಲಿಂಗದ ಹಾಗೇ ಇತ್ತು. ಕಪ್ಪಗೆ, ಗುಂಡಗೆ, ನುಣ್ಣಗೆ. ಒಂದು ಗೆರೆ ಇಲ್ಲ, ಒಂದು ಕಲೆ ಇಲ್ಲ. ಇನ್ನೇನು ನೋಡಬೇಕಾಗಿತ್ತು?

ಡೇಟು ಅದೇ. ನೋ ಚೇಂಜ್.

ವೀರಭದ್ರಯ್ಯ


ಹಿರೇಹಡಗಲಿ
19-12-2024

ಮಾವನವರಿಗೆ,

ನೀವು ಬರದದ್ದು ಓದಿ ಕಾಗದ ಮಡಚಿ ಇಟ್ಟೆ. ಎಂಟು ದಿನ ಏನೂ ಬರೀಬಾರದು ಅಂತಿದ್ದೆ.

ನನಗ ಮಂದಿ ಅಂಜಿಕಿ ಇಲ್ರಿ. ಅಂಗಡ್ಯಾಗ ಕುಂತು ದಿನಾ ನೂರು ಮಂದಿ ಬಾಯಿ ನೋಡ್ತೀನಿ. ಪಕ್ಕೀರಮ್ಮಗ ಹೇಳಿದೆ. ಆಕಿ ಬರಾಕ ಒಪ್ಪ್ಯಾಳ. ಆದ್ರ ನಿಮ್ಮ ಜೋಡಿ ಅಲ್ಲ. ನಾವಿಬ್ಬರೂ ಹೆಣ್ಮಕ್ಕಳ ಹೋಗಿ ಬರ್ತೀವಿ. ನೀವು ಬರೂದು ಬ್ಯಾಡ.

ಆ ಪಾರ್ಸಲ್ ಕಥಿ ಪಕ್ಕೀರಮ್ಮಗ ಗೊತ್ತೈತಿ. ಊರಿಗೆಲ್ಲ ಗೊತ್ತೈತಿ. ನಮ್ಮ ಮನಿಯವರು ಹ್ವಾದಾಗ ದಿನದ ಊಟದಾಗೂ ನೀವು ಪಂಕ್ತಿಯಾಗ ಕುಂತು ಹೇಳಿದ್ರಿ, ಅಕ್ಕ ನಿಮ್ಮ ಎಲಿಗೆ ತುಪ್ಪ ಹಾಕತಿದ್ಲು. ಆದ್ರ ನಿಮ್ಮ ಕಥಿಯಾಗ ಒಂದು ತುಣುಕು ಇರೂದಿಲ್ಲ. ಗಾಡಿ ಹ್ವಾದದ್ದು ಬೆಳಿಗ್ಗೆ. ನೀವು ಮೋಟರ್ ಸೈಕಲ್ ತಗೊಂಡು ಹ್ವಾದದ್ದು ಹೊತ್ತು ಮುಳುಗೂ ಹೊತ್ತಿಗೆ. ನಡುವ ಏನ ಮಾಡಿದ್ರಿ? ನಾ ಹೇಳ್ತೀನಿ. ಗುರುಶಾಂತಪ್ಪನ ಮನಿಯಾಗ ಮಿರ್ಚಿ ಮಂಡಕ್ಕಿ ತಿಂದ್ರಿ, ಊಟ ಮಾಡಿದ್ರಿ, ಫ್ಯಾನಿನ ತೆಳಗ ಮಲಗಿದ್ರಿ. 'ಎಲ್ಲಿ ಹೊಕ್ಕಾಳಲೇ, ಸಂಜಿ ಗಾಡಿಗೆ ವಾಪಸ್ ಬರ್ತಾಳ' ಅಂದ್ರಂತ. ಅವರ ಮನಿಯಾಕಿನ ಆಮ್ಯಾಲ ಒಂದು ಮದುವಿಯಾಗ ಅಕ್ಕನ ಕೈ ಹಿಡಕೊಂಡು ಹೇಳಿದ್ಲು. 'ನಾ ಎಬ್ಬಿಸಿದೆ ನೋಡವ್ವ, ಇಲ್ಲಾಂದ್ರ ನಿನ್ನ ಗಂಡ ಇನ್ನೂ ಏಳತಿದ್ದಿಲ್ಲ' ಅಂತ.

ಆಕಿ ಹತ್ರ ಟಿಕೀಟು ಇದ್ದಿಲ್ಲ, ಒಂದು ರೂಪಾಯಿ ಇದ್ದಿಲ್ಲ. ಬುತ್ತಿ ಬಿಚ್ಚಲಿಲ್ಲ. ನೀವು ಉಂಡಿರೂದಿಲ್ಲ ಅಂತ.

ಅದಕ್ಕ ಆ ಕಥಿ ಇನ್ನ ಹೇಳಬ್ಯಾಡ್ರಿ.

ನೀಲಗಂಗಮ್ಮ


ಕೊಟ್ಟೂರು
26-12-2024

ನೀಲಗಂಗಮ್ಮನವರಿಗೆ,

ನವರಿಗೆ ಅಂತಲೇ ಬರೆದಿದ್ದೇನೆ. ದೊಡ್ಡವಳಾಗಿದ್ದೀಯಲ್ಲ, ಮಾವನಿಗೆ ಬುದ್ಧಿ ಹೇಳುವಷ್ಟು.

ನಿನಗೆ ಈ ಮಾತು ಯಾರು ತುಂಬಿದರು? ಗುರುಶಾಂತನ ಹೆಂಡತಿಯ ಬಾಯಿ ಕೊಟ್ಟೂರಿನಿಂದ ಕೂಡ್ಲಿಗಿಯವರೆಗೆ ಹರಿಯುತ್ತದೆ. ಅಂದು ಗುರುಶಾಂತನ ಗಾಡಿಯಲ್ಲಿ ಪೆಟ್ರೋಲ್ ಇರಲಿಲ್ಲ. ಊಟ ಮಾಡದೆ ಏಳಬೇಡ ಅಂತ ಅವನ ತಾಯಿ ಕೈ ಹಿಡಿದಳು. ಹಿರಿಯರು, ಹೇಗೆ ಒಲ್ಲೆನ್ನುವುದು? ಕಣ್ಣು ಹತ್ತಿದ್ದು ಖರೆ, ಬಿಸಿಲು ಹಾಗಿತ್ತು. ರೈಲ್ವೆಯವರು ಹೆಣ್ಣುಮಕ್ಕಳನ್ನು ಹೊರಗೆ ಹಾಕುತ್ತಾರೆಯೇ? ಆಕೆಗೆ ಏನಾದರೂ ಆಯಿತೇ? ಯಾರಾದರೂ ಕೈ ಹಿಡಿದು ಎಳೆದರೇ? ನಥಿಂಗ್ ಹ್ಯಾಪನ್ಡ್. ಆಕೆ ನನಗೆ ಒಂದು ದಿನ ಒಂದು ಮಾತು ಅಂದಿದ್ದರೆ ಬರಿ, ಒಪ್ಪುತ್ತೇನೆ. ನಾನು ಕಥೆ ಹೇಳಿದಾಗಲೆಲ್ಲ ಆಕೆಯೂ ನಗುತ್ತಿದ್ದಳು. ತುಪ್ಪ ಹಾಕುತ್ತ ನಕ್ಕಿದ್ದನ್ನು ನಾನೇ ನೋಡಿದ್ದೇನೆ.

ಗಂಡನನ್ನು ಬಿಟ್ಟು ಹೆಂಡತಿಯ ಹೆಸರಿನ ಯಾತ್ರೆ. ಇದು ಯಾವ ಮಠದ ಪದ್ಧತಿ? ಬಾಜು ಮನೆಯ ಕುರಿಯವಳಿಗೆ ಇರುವ ಹಕ್ಕು ತಾಳಿ ಕಟ್ಟಿದವನಿಗೆ ಇಲ್ಲ. ನೀನು ಅಲ್ಲಿಗೆ ಹೋಗುವುದಾದರೂ ಏನು ಕೆಲಸಕ್ಕೆ? ನವೆಂಬರಿನಲ್ಲಿ ಮೊಣಕಾಲು ಹಿಡಿದಿತ್ತು, ಈಗ ಬಿಟ್ಟಿತೇ? ಏನೋ ಮುಚ್ಚಿಡುತ್ತಿದ್ದೀಯ. ಕ್ಲಿಯರ್ ಆಗಿ ಬರಿ. ಇಲ್ಲವಾದರೆ ಪುಣ್ಯಸ್ಮರಣೆಯ ಕಾರ್ಡಿನಲ್ಲಿ ನಿನ್ನ ಹೆಸರು ಹಾಕಬೇಡ ಅಂತ ಅರುಣಕುಮಾರನಿಗೆ ಹೇಳುತ್ತೇನೆ.

ಇಪ್ಪತ್ತೇಳಕ್ಕೆ ನಾನು ಗಾಡಿ ಹತ್ತುವುದು ಹತ್ತುವುದೇ.

ವೀರಭದ್ರಯ್ಯ
ನಿವೃತ್ತ ಸಂಚಾರ ನಿಯಂತ್ರಕ


ಹಿರೇಹಡಗಲಿ
4-1-2025

ಮಾವನವರಿಗೆ,

ಕ್ಲಿಯರ್ ಬರೀರಿ ಅಂದ್ರಿ. ಬರೀತೀನಿ.

ಅಕ್ಕನ ಲಿಂಗ ನನ್ನ ಹತ್ರ ಐತಿ. ದೇವರ ಜಗಲಿ ಮ್ಯಾಲ, ಬಿಳಿ ವಸ್ತ್ರದಾಗ ಸುತ್ತಿ ಇಟ್ಟೀನಿ. ನೀವು ಆಕಿ ಕೈಯಾಗ ಇಟ್ಟದ್ದು ಆಕೀದಲ್ಲ. ಉಜ್ಜಿನಿಯಾಗ ಅಂಗಡಿಯಿಂದ ನಾ ತಂದದ್ದು. ಅದಕ್ಕ ಮಿಂಚತಿತ್ತು.

ದಾವಣಗೇರಿ ಆಸ್ಪತ್ರಿಯಾಗ ಅಕ್ಕನ ಮಂಚದ ಬಾಜು ನಾ ಇದ್ದೆ. ಕೈಗೆ ಸೂಜಿ ಚುಚ್ಚಾಕ ಬಂದ ನರ್ಸ್ ಹುಡುಗಿಗೆ ನೀವು ಆ ಪಾರ್ಸಲ್ ಕಥಿ ಶುರು ಮಾಡಿದ್ರಿ. ಪಾಪ ಆ ಹುಡುಗಿ ನಕ್ಕಳು. ಅಕ್ಕ ಗ್ವಾಡಿ ಕಡೆ ಹೊಳ್ಳಿದ್ಲು. ನೀವು 'ನೋಡ್ರಿ, ಇನ್ನೂ ನಾಚತಾಳ' ಅಂದ್ರಿ. ಆಮ್ಯಾಲ ಚಾ ಕುಡ್ಯಾಕ ಕೆಳಗ ಹ್ವಾದ್ರಿ. ಆಗ ಆಕಿ ಕೊರಳಿಂದ ಕರಡಿಗಿ ಬಿಚ್ಚಿ ಲಿಂಗ ತಗದು ನನ್ನ ಸೆರಗಿನಾಗ ಹಾಕಿದ್ಲು. ಜೀವ ಇರುವಾಗ ಲಿಂಗ ಬಿಚ್ಚಿದ್ಲು ಮಾವ, ಯಾವ ಹೆಣ್ಮಗಳು ಬಿಚ್ಚತಾಳ? ಬ್ಯಾಡ ಅಂದೆ, ಪಾಪ ಬರತೈತಿ ಅಂದೆ.

ಆಕಿ ಅಂದದ್ದು ಇದ್ದದ್ದು ಇದ್ದಂಗ ಬರೀತೀನಿ. 'ನೀಲಾ, ಕರಡಿಗ್ಯಾಗ ಬ್ಯಾರೆದೊಂದು ಹಾಕಿ ಅವರ ಕೈಯಾಗ ಕೊಡು. ದಿನಾ ಎದುರಿಗೆ ಕುಂತು ಪೇಪರ್ ಓದ್ಯಾರ, ನಾ ಪೂಜಿ ಮಾಡೀನಿ. ಇದು ಇವಳದಲ್ಲ ಅಂತ ಗುರುತು ಹಿಡಿದ್ರ ಇದನ್ನ ಕೊಟ್ಟುಬಿಡು, ನನ್ನ ಕೈಯಾಗ ಅವರ ಇಡಲಿ. ಗುರುತು ಹತ್ತಲಿಲ್ಲಂದ್ರ ನೀ ಸೊಲ್ಲಾಪುರಕ್ಕ ಒಯ್ದು ಆ ಕೆರಿಗೆ ಬಿಡು. ಅವರನ್ನ ಕರಕೊಂಡು ಹೋಗಬ್ಯಾಡ. ನಡುವ ಇಳಿದುಬಿಡ್ತಾರ.'

ಆಕಿ ಲಿಂಗದ ಒಂದು ಅಂಚಿನಾಗ ಮ್ಯಾಲಿನ ಕಪ್ಪು ಕಿತ್ತು ಬೂದಿ ಬಣ್ಣ ಕಾಣತೈತಿ. ಹೆಬ್ಬಟ್ಟು ಇಟ್ಟಿಟ್ಟು ಅಲ್ಲಿ ತಗ್ಗು ಬಿದ್ದೈತಿ. ಆಕೀನ್ನ ಕಂಡವರಿಗೆಲ್ಲ ಗೊತ್ತಿತ್ತು. ಸುಕನ್ಯಾಗೂ ಗೊತ್ತಿತ್ತು.

ಗುಣಿ ಹತ್ರ ನಿಮ್ಮ ಬಾಜು ನಿಂತು ಕರಡಿಗಿ ಕೊಟ್ಟವಳು ನಾನ. ನನ್ನ ಸೆರಗಿನ ಗಂಟಿನಾಗ ಖರೇ ಲಿಂಗ ಇತ್ತು. ನೀವು ತಗದ್ರಿ, ಅಂಗೈಯಾಗ ಇಟಗೊಂಡು ನೋಡಿದ್ರಿ. ಈಗ ಅಂತಾರ, ಈಗ ಅಂತಾರ ಅಂತ ನಾ ಆ ಗಂಟು ಹಿಡಿದು ನಿಂತಿದ್ದೆ. ನೀವು ಸ್ವಾಮಿಗಳಿಗೆ ತೋರಿಸಿ 'ಹೆಂಗ ಇಟಗೊಂಡಾಳ ನೋಡ್ರಿ' ಅಂದ್ರಿ. ಆಮ್ಯಾಲ ಮಣ್ಣು.

ನನಗೂ ಈ ವರ್ಷ ನಿದ್ದಿ ಸಮ ಹತ್ತಿಲ್ಲ. ಅಕ್ಕನ್ನ ಆಕಿ ಲಿಂಗ ಇಲ್ಲದ ಕಳಿಸೀನಿ. ಅದಕ್ಕ ನವೆಂಬರದಾಗ ಮತ್ತ ಕೇಳಿದೆ, ಹೆಂಗಿತ್ತು ಅಂತ. ಒಂದು ಕಲೆ ಇತ್ತು ಅಂತ ಬರದಿದ್ರ ಸಾಕಾಗಿತ್ತು. ಬಸ್ಸು ಹತ್ತಿ ಬಂದು ನಿಮ್ಮ ಕೈಯಾಗ ಕೊಟ್ಟು, ಕಾಲು ಹಿಡಿದು ಹೊಕ್ಕಿದ್ದೆ. ನುಣ್ಣಗೆ ಇತ್ತು, ಒಂದು ಕಲೆ ಇಲ್ಲ ಅಂತ ಬರದ್ರಿ.

ನೀಲಗಂಗಮ್ಮ


ಕೊಟ್ಟೂರು
11-1-2025

ನೀಲಗಂಗಮ್ಮ,

ನಾಕು ಸಲ ಬರೆದು ಹರಿದೆ. ಇದು ಐದನೆಯದು.

ನೀನು ಹೆಣಕ್ಕೆ ಮೋಸ ಮಾಡಿದ್ದೀಯ. ಸ್ವಾಮಿಗಳ ಮುಂದೆ, ನಮ್ಮ ಕುಲದವರ ಮುಂದೆ ನನ್ನನ್ನು ಹುಚ್ಚನನ್ನು ಮಾಡಿದ್ದೀಯ. ಅಂಗಡಿಯ ಕಲ್ಲನ್ನು ನನ್ನ ಕೈಯಿಂದ ನನ್ನ ಹೆಂಡತಿಗೆ ಕೊಡಿಸಿದ್ದೀಯ. ಸಾಯುವವಳು ಜ್ವರದಲ್ಲಿ ಏನೋ ಅಂದಳು, ನೀನು ಅದನ್ನೇ ಹಿಡಕೊಂಡೆ. ನಿಮ್ಮಕ್ಕ ಹಾಗೆ ಅನ್ನುವವಳಲ್ಲ. ನನ್ನ ಮುಂದೆ ಒಂದು ದಿನ ದನಿ ಎತ್ತಿದವಳಲ್ಲ.

ಸುಕನ್ಯಾಳನ್ನು ಕೇಳಿದೆ. ಅತ್ತೆಯ ಲಿಂಗದ ಅಂಚು ಹೇಗಿತ್ತು ಅಂತ. 'ಎಡಕ್ಕ ಒಂಚೂರು ತಗ್ಗಿತ್ತಲ್ರಿ' ಅಂದಳು. ರೊಟ್ಟಿ ಬಡಿಯುತ್ತಿದ್ದಳು, ತಲೆ ಕೂಡ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಆಕೆ ಪೂಜೆಗೆ ಕೂಡುತ್ತಿದ್ದ ಜಾಗದ ಎದುರಿಗೆ ನನ್ನ ಕುರ್ಚಿಯಲ್ಲಿ ಕೂತೆ. ಪೇಪರ್ ತೊಗೊಳ್ಳಲಿಲ್ಲ. ಆಕೆಯ ಅಂಗೈ ನೆನಪಿಗೆ ಬರುತ್ತದೆ. ಬಳೆ ಬರುತ್ತವೆ. ಅಂಗೈಯಲ್ಲಿ ಇದ್ದದ್ದು ಬರುವುದಿಲ್ಲ. ಎಷ್ಟು ತಿಣುಕಿದರೂ ಆ ಕರಡಿಗೆಯಿಂದ ತೆಗೆದದ್ದೇ ಬರುತ್ತದೆ, ಮಿಂಚುವುದು.

ಅದನ್ನು ನನಗೆ ವಾಪಸ್ ಕೊಡು. ಹತ್ತನೇ ತಾರೀಖು ಸಮಾಧಿಯ ಮೇಲಿನ ಮಣ್ಣು ಒಂದಿಷ್ಟು ತೆಗೆದು ಅಲ್ಲಿ ಇಡುತ್ತೇನೆ, ಸ್ವಾಮಿಗಳಿಗೆ ಏನು ಹೇಳಬೇಕೋ ನಾನೇ ಹೇಳುತ್ತೇನೆ. ಬೇಡ ಅಂದರೆ, ಕೆರೆಗೇ ಬಿಡು. ಆದರೆ ಬಿಡುವ ಮೊದಲು ಒಮ್ಮೆ ನನ್ನ ಕೈಗೆ ಕೊಡು. ಆ ತಗ್ಗಿನಲ್ಲಿ ಒಮ್ಮೆ ಹೆಬ್ಬೆರಳು ಇಟ್ಟು ನೋಡುತ್ತೇನೆ. ಅಷ್ಟೇ. ಮತ್ತೆ ಏನೂ ಕೇಳುವುದಿಲ್ಲ.

ಇಪ್ಪತ್ತೇಳರ ಬೆಳಗಿನ ಗಾಡಿಯಲ್ಲಿ ಇರುತ್ತೇನೆ. ಹಗರಿಬೊಮ್ಮನಹಳ್ಳಿಯಲ್ಲಿ ಬಾಗಿಲಲ್ಲಿ ನಿಂತಿರುತ್ತೇನೆ. ಯಾರು ಕರೆದರೂ ಇಳಿಯುವುದಿಲ್ಲ. ಪ್ಲೀಸ್.

ವೀರಭದ್ರಯ್ಯ


ಹಿರೇಹಡಗಲಿ
23-1-2025

ಮಾವನವರಿಗೆ,

ನಿಮ್ಮ ಕಾಗದ ಬಂದ ಮರುದಿನಾನ ನಾನೂ ಪಕ್ಕೀರಮ್ಮನೂ ಹೊಂಟ್ವಿ. ಇಪ್ಪತ್ತನೇ ತಾರೀಖು ಸೋಮವಾರ ಸೊಲ್ಲಾಪುರದಾಗ ಇದ್ವಿ. ನೀವು ಇಪ್ಪತ್ತೇಳಕ್ಕ ಅಂದಿದ್ರಿ. ಅಷ್ಟು ದಿನ ಇಟಗೊಂಡಿದ್ರ ನಾ ನಿಮಗ ಕೊಟ್ಟುಬಿಡ್ತಿದ್ದೆ. ನನ್ನ ಮನಸು ನನಗ ಗೊತ್ತು. ಅದಕ್ಕ ಮೊದಲ ಹ್ವಾದೆ.

ಗದ್ದಿಗಿಗೆ ಮುಟ್ಟಿಸಿದೆ. ಕೆರಿ ದಂಡ್ಯಾಗ ಕುಂತು ಅಕ್ಕನಂಗ ಎಡಗೈಯಾಗ ಇಟಗೊಂಡು ವಿಭೂತಿ ಹಚ್ಚಿ ಒಂದು ಪತ್ರಿ ಏರಿಸಿದೆ. ಆಮ್ಯಾಲ ನೀರಿಗೆ ಬಿಟ್ಟೆ. ಸದ್ದಾಗಲಿಲ್ಲ. ಪಕ್ಕೀರಮ್ಮ ಅವರ ದೇವರನ್ನ ನೆನಸಿ ಒಂಚೂರು ಭಂಡಾರದ ಅರಿಷಿಣ ತೂರಿದ್ಲು. 'ನಿಮ್ಮಕ್ಕ ಮುಟ್ಟಿದ್ಲು ಬಿಡವ್ವ' ಅಂದ್ಲು.

ನೀವು ಇಪ್ಪತ್ತೇಳಕ್ಕ ಬರಬ್ಯಾಡ್ರಿ. ನಾ ಅಲ್ಲಿ ಇರೂದಿಲ್ಲ. ಈ ಕಾಗದ ಅದಕ್ಕಿಂತ ಮೊದಲ ಮುಟ್ಟಲಿ ಅಂತ ಇವತ್ತ ಡಬ್ಬಿಗೆ ಹಾಕತೀನಿ.

ನೀಲಗಂಗಮ್ಮ


ಕೊಟ್ಟೂರು
29-1-2025

ನೀಲಾ,

ನಿನ್ನ ಕಾಗದ ಮೊದಲು ಮುಟ್ಟಲಿಲ್ಲ.

ಸೋಮವಾರ ಗಾಡಿ ಹತ್ತಿದೆ. ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಕಿ ಬಾಜು ಕೂತೆ. ಎದುರಿಗೆ ಹರಪನಹಳ್ಳಿ ಕಡೆಯ ಒಬ್ಬ ಹೆಣ್ಣುಮಗಳು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. 'ಯಾರ್ ಬರ್ತಾರ್ರೀ ಅಜ್ಜಾರೆ' ಅಂತ ಕೇಳಿದಳು. ಬೊಮ್ಮನಹಳ್ಳಿಯಲ್ಲಿ ಹತ್ತುತ್ತಾರೆ ಅಂದೆ. ಅಲ್ಲಿ ಬಾಗಿಲಿಗೆ ಹೋಗಿ ನಿಂತೆ. ಹತ್ತುವವರೆಲ್ಲ ನನ್ನನ್ನು ತಳ್ಳಿಕೊಂಡು ಹತ್ತಿದರು. ಹಳದಿ ಸೀರೆ ಉಟ್ಟವಳೊಬ್ಬಳು ದೂರದಿಂದ ನಿನ್ನ ಹಾಗೇ ಕಂಡಳು. ನೀನಲ್ಲ. ಗಾಡಿ ಬಿಟ್ಟಿತು. ಜಾಗಕ್ಕೆ ವಾಪಸ್ ಬಂದಾಗ ಆ ಹೆಣ್ಣುಮಗಳು 'ಯಾರೂ ಬರಲಿಲ್ಲಲ್ರೀ, ಟವೆಲ್ ತೆಗೀರಿ, ಕೂಸು ಕಿಟಕಿಗೆ ಕೂತ್ಕತೈತೆ' ಅಂದಳು. ತೆಗೆದೆ.

ಹೊಸಪೇಟೆಗೆ ಹೋಗಲಿಲ್ಲ. ಮರಿಯಮ್ಮನಹಳ್ಳಿಯಲ್ಲಿ ಇಳಿದೆ. ಇಳಿಯಬೇಕು ಅಂತ ಇರಲಿಲ್ಲ, ಕಾಲು ಇಳಿದವು. ಒಂದು ಬೆಂಚಿನ ಮೇಲೆ ಕೂತೆ. ಸುಕನ್ಯಾ ಕಟ್ಟಿದ್ದ ಬುತ್ತಿ ಇತ್ತು, ಬಿಚ್ಚಲಿಲ್ಲ. ಮಷೀನು ಕಿವಿಯಿಂದ ತೆಗೆದು ಕಿಸೆಯಲ್ಲಿ ಇಟ್ಟೆ. ಬಿಸಿಲು ಹತ್ತಿರ ಬಂದಾಗ ಇನ್ನೊಂದು ಬೆಂಚಿಗೆ ಹೋದೆ. ಅಲ್ಲಿ ಕೂತ ಮೇಲೆ ಒಂದು ವಿಚಾರ ಬಂತು. ಆಕೆ ಅಂದು ಎಲ್ಲಿ ಕೂತಿದ್ದಳು ಅನ್ನುವುದು ನನಗೆ ಗೊತ್ತಿಲ್ಲ. ಇಷ್ಟು ವರ್ಷ ಕೂತಿದ್ದಳು, ಕೂತಿದ್ದಳು ಅಂತ ಹೇಳುತ್ತ ಬಂದೆ. ನಾನು ಗೇಟಿನ ಹತ್ತಿರ ಮೋಟರ್ ಸೈಕಲ್ ಮೇಲೆಯೇ ಇದ್ದು ಹಾರ್ನ್ ಬಾರಿಸಿದೆ, ಆಕೆ ಗಂಟು ಹಿಡಕೊಂಡು ಹೊರಗೆ ಬಂದಳು. ಒಳಗೆ ನಾನು ಹೋಗಿರಲೇ ಇಲ್ಲ.

ಸಂಜೆ ಗಾಡಿಗೆ ಊರಿಗೆ ಬಂದೆ. ನಿನ್ನ ಕಾಗದ ಟೇಬಲ್ ಮೇಲೆ ಇತ್ತು. ಓದಿದೆ.

ಹತ್ತನೇ ತಾರೀಖು ಬಾ. ಕಾರ್ಡಿನಲ್ಲಿ ನಿನ್ನ ಹೆಸರು ಇದೆ. ಒಂದೇ ಕೇಳುತ್ತೇನೆ. ಆಕೆ ನಿನಗೆ ಹೇಳಿರಬಹುದು. ಯಾವ ಜಾಗದಲ್ಲಿ ಕೂತಿದ್ದಳು ಅಂತ ಬರಿ. ಇನ್ನೊಮ್ಮೆ ಹೋದಾಗ ಅಲ್ಲಿಯೇ ಕೂಡುತ್ತೇನೆ.

ವೀರಭದ್ರಯ್ಯ


ಹಿರೇಹಡಗಲಿ
5-2-2025

ಮಾವನವರಿಗೆ,

ಹತ್ತನೇ ತಾರೀಖು ನಾ ಬರೂದಿಲ್ಲ. ಸ್ವಾಮಿಗಳ ಮುಂದ ನಿಂತು ಆ ಸಮಾಧಿಗೆ ಕೈ ಮುಗ್ಯಾಕ ನನಗ ಆಗಂಗಿಲ್ಲ.

ನೀವು ಕೇಳಿದ್ದಕ್ಕ ಹೇಳ್ತೀನಿ. ಅಕ್ಕ ಎಲ್ಲೂ ಕುಂತಿದ್ದಿಲ್ಲ ಮಾವ. ಕುಂತ್ರ ನೀವು ಬರೂ ದಾರಿ ಕಾಣೂದಿಲ್ಲ ಅಂತ ಸಂಜಿತನಕ ನಿಂತ ಇದ್ಲಂತ.

ನೀಲಗಂಗಮ್ಮ